ಯಾವ ಚೀಲದ್ದು

ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ
ಬೋರ್ಡು ತೆಲುಗಿನದು, ಬೈಗುಳ ನಮ್ಮದು.
ಎರಡೂ ಬಲ್ಲವನು ಹಮಾಲರ ಮೇಸ್ತ್ರಿ ಹುಸೇನಪ್ಪ,
ಬರೆಯಲು ಮಾತ್ರ ಯಾವುದೂ ಬಾರದು.
ಹಾಗಾಗಿ ಅವನ ಕಾನೂನು ಗೋಡೆಯ ಮೇಲಿರಲಿಲ್ಲ,
ಬಾಯಲ್ಲಿತ್ತು, ಎಲೆಯಡಿಕೆಯ ಜೊತೆಗೆ:

'ಚೀಲದ ಹತ್ತಿ ಚೀಲದವನದು.
ಎಳೆ ತೆಗೆದವ ಮೂರು ದಿನ ಗೇಟಿನಾಚೆ.'

ಆ ಜಾಗದಲ್ಲಿ ಹತ್ತಿ ಹತ್ತದವರು ಯಾರು?
ಹುಬ್ಬಿಗೆ ಹತ್ತುತ್ತದೆ, ಮೂಗಿನ ಕೂದಲಿಗೆ ಹತ್ತುತ್ತದೆ,
ಸಂಜೆ ಕೆಮ್ಮಿ ಉಗುಳಿದರೆ ಕಫದಲ್ಲೂ ಬಿಳಿ ಎಳೆ.
ಅದನ್ನು ಅವನು ಕಳವಿಗೆ ಸೇರಿಸಲಿಲ್ಲ, ಪುಣ್ಯ.

ನಾನು ಸಿಕ್ಕಿಬಿದ್ದದ್ದು ದೀಪಾವಳಿ ಎದುರಿಗಿದ್ದಾಗ.
ಮನೆಯಲ್ಲಿ ಹನ್ನೊಂದು ದಿನದ ಕೂಸು,
ತಲೆ ಒಂದೇ ಕಡೆ ಚಪ್ಪಟೆಯಾಗುತ್ತಿದೆ ಎಂದು ಅತ್ತೆಯ ಗೊಣಗು.
ಬೇಕಾದದ್ದು ಒಂದು ದಿಂಬು, ಅಂಗೈ ಅಗಲದ್ದು.
ಬನಿಯನ್ನಿನೊಳಗೆ ಎರಡು ಹಿಡಿ ತುರುಕಿಕೊಂಡೆ.
ಹೊಟ್ಟೆ ಬಂದವನ ಹಾಗೆ ಕಂಡೆನಂತೆ;
ಹಮಾಲಿಗೆ ಎಲ್ಲಿಯ ಹೊಟ್ಟೆ!

ಹುಸೇನಪ್ಪ ಬೈಯಲಿಲ್ಲ. ಕೈ ಚಾಚಿದ. ತೆಗೆದು ಕೊಟ್ಟೆ.
'ಯಾವ ಚೀಲದ್ದು?' ತೋರಿಸಿದೆ.
ಅದೇ ಚೀಲಕ್ಕೆ ತುಂಬಿ, ದಬ್ಬಣದಿಂದ ಬಾಯಿ ಹೊಲಿದು,
ಗೇಟಿನ ಕಡೆ ಗದ್ದ ಎತ್ತಿದ.

ಮೂರು ದಿನದ ಕೂಲಿ ಅಂದರೇನು ಅಂತ
ಕೂಲಿ ಮಾಡದವರಿಗೆ ಹೇಳಿ ಫಲವಿಲ್ಲ.
ಬೇವಿನಡಿ ಕೂತು ಎಣಿಸಿದೆ
ಒಳಗೆ ಹೋದ ಲಾರಿಗಳನ್ನು,
ಮೇಸ್ತ್ರಿಯ ಅಪ್ಪ, ಅಜ್ಜ, ಮುತ್ತಜ್ಜರನ್ನು.

ಆಮೇಲೆ ಮಾಘದ ಚಳಿ.
ಹುಸೇನಪ್ಪನ ಎಡಗಿವಿ ಸೋರತೊಡಗಿತು.
ಬಿಸಿ ಎಣ್ಣೆ ಬಿಟ್ಟುಕೊಂಡು
ಮೇಲೊಂದು ಚಿಟಿಕೆ ಹತ್ತಿ ಇಟ್ಟುಕೊಂಡಿದ್ದ.
ಔಷಧಿ ಅಂಗಡಿಯ ಪಟ್ಟಿಹತ್ತಿಯಲ್ಲ ಅದು.
ಬೀಜದ ಸಿಪ್ಪೆಯ ಕರಿಚುಕ್ಕೆ ಇನ್ನೂ ಅಂಟಿತ್ತು.

ನಾನು ತುಟಿ ಬಿಚ್ಚಲಿಲ್ಲ.
ಆ ಕಿವಿಯನ್ನೇ ನೋಡುತ್ತ ನಿಂತುಬಿಟ್ಟೆ,
ಬೆನ್ನ ಮೇಲೆ ಚೀಲವಿತ್ತು, ಇಳಿಸುವುದನ್ನೂ ಮರೆತೆ.
(ಸುಳ್ಳೇಕೆ, ಮರೆತಿರಲಿಲ್ಲ.)
ಅವನ ಕೈ ತಾನಾಗಿ ಕಿವಿಗೆ ಹೋಯಿತು.

ಗುಮಾಸ್ತ ಶೇಷಾಚಾರಿ ನಕ್ಕ:
'ತಕ್ಕಡಿಗೆ ಹಾಕಿದರೂ ಮುಳ್ಳು ಅಲ್ಲಾಡೋದಿಲ್ಲ ಬಿಡು ಮೇಸ್ತ್ರಿ.'
'ಇವನ ಕೂಸಿನ ದಿಂಬಿಗೂ ಅಲ್ಲಾಡಿದ್ದಿಲ್ಲ' ಅಂದ ಹುಸೇನಪ್ಪ.
ಎಣ್ಣೆ ಹೀರಿದ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು
ಸಾಲುಸಾಲು ಚೀಲಗಳನ್ನು ನೋಡಿದ.
'ಯಾವ ಚೀಲದ್ದು ಅಂತ ನನಗೆ ನೆನಪಿಲ್ಲಲೇ.
ನೀನು ಅದನ್ನಾದರೂ ತೋರಿಸಿದಿ.'

ಕೊಕ್ಕೆಯನ್ನು ಗೂಟಕ್ಕೆ ತೂಗುಹಾಕಿ ಹೊರನಡೆದ.

ಮೊದಲ ದಿನ ಎಲ್ಲರೂ ತಮಾಷೆ ಅಂದರು.
ಎರಡನೆಯ ದಿನ ಲಾರಿಯ ಎಣಿಕೆ ತಪ್ಪಿತು,
ಇಬ್ಬರು ಕೈ ಕೈ ಹತ್ತಿದರು, ಒಬ್ಬನ ಹಲ್ಲು ಹೋಯಿತು.
ಸಾಹುಕಾರನೇ ಗೇಟಿಗೆ ಬಂದು ಕರೆದ,
'ಬಾರಪ್ಪ, ಆ ಹತ್ತಿ ನನ್ನದೇ ಅಂದುಕೋ, ಕೊಟ್ಟೀನಿ ಅಂದುಕೋ.'
'ನಿಮ್ಮದೇ ಅಂತ ನಿಮಗಾದರೂ ಹೆಂಗೆ ಗೊತ್ತು?'
ಚಹಾ ಕುಡಿದ. ಒಳಗೆ ಬರಲಿಲ್ಲ.

ಅವನು ಬಾರದ್ದು ಸರಿಯೋ, ಹಲ್ಲು ಹೋದವನ ನೋವು ಸರಿಯೋ,
ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮೂರನೆಯ ದಿನ ಬುತ್ತಿ ಹಿಡಿದು ಬೇವಿನಡಿಗೆ ಹೋದೆ.
ಟವೆಲ್ಲು ಬಿಗಿದ ತಲೆ ಒಂದು ಕಡೆ ವಾಲಿತ್ತು.
ರೊಟ್ಟಿ ಮುರಿದು ಕೊಟ್ಟೆ, ತಿಂದ.
ನನ್ನಲ್ಲಿ ಒಂದು ಮಾತು ಸಿದ್ಧವಿತ್ತು, ಎರಡು ದಿನದಿಂದ.
ಅವನೇ ಮೊದಲು ಕೇಳಿದ:

'ಕೂಸಿನ ತಲೆ ದುಂಡಗಾತೇನಲೇ?'

'ಆತು ಮೇಸ್ತ್ರಿ, ಒಂದೀಟು' ಅಂದೆ.
ಅವನು 'ಹಾಂ?' ಅಂದ.
ನಾನು ಕೂತದ್ದು ಎಡಗಡೆ.
ಎದ್ದು, ಬುತ್ತಿ ಎತ್ತಿಕೊಂಡು,
ಬಲಗಡೆಗೆ ಹೋಗಿ ಕೂತೆ.